ನಾನು ಮೆತ್ತಗೆ ಮಾಡಿ ಹೇಳಿದ ಮಾತು

ಶಹಾಪುರದ ಕಾನ್ವೆಂಟಿನವರು ನನ್ನನ್ನು ಕೆಲಸಕ್ಕೆ ಕರೆದದ್ದು ನನ್ನ ಓದು ನೋಡಿ ಅಲ್ಲ, ನನಗೆ ಲಂಬಾಣಿ ಮಾತು ಬರುತ್ತದೆಂದು. ಗುಡ್ಡದ ಬುಡದಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿ ಇತ್ತು. ಮೇಲಿನ ತಾಂಡಾದ ಹೆಂಗಸರು ಉಪ್ಪು, ಎಣ್ಣೆ, ದಾರದುಂಡೆಗೆಂದು ಇಳಿದು ಬರುತ್ತಿದ್ದರು. ಅವರ ಮಕ್ಕಳ ಜೊತೆ ಆಡಿ ಬೆಳೆದವಳು ನಾನು. ಕಾನ್ವೆಂಟಿಗೆ ಹೊಸದಾಗಿ ಬಂದಿದ್ದ ನರ್ಸ್ ಸಿಸ್ಟರಿಗೆ ಆ ಭಾಷೆಯ ಒಂದು ಅಕ್ಷರವೂ ಗೊತ್ತಿರಲಿಲ್ಲ. ಅವರು ಮಂಗಳೂರು ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಅವರ ಕನ್ನಡ ಪಠ್ಯಪುಸ್ತಕದಲ್ಲಿದ್ದಂತೆ ಇರುತ್ತಿತ್ತು. ನಮ್ಮ ಕಡೆಯವರಿಗೇ ಅರ್ಧ ತಿಳಿಯುತ್ತಿರಲಿಲ್ಲ.

ಅಪ್ಪ ಮೊದಲು ಒಪ್ಪಲಿಲ್ಲ. ಅವರ ಹಿಂದೆ ತಿರುಗಿದರೆ ಹುಡುಗಿ ಕೊರಳಿಗೆ ಶಿಲುಬೆ ಹಾಕಿಕೊಂಡು ಬರುತ್ತಾಳೆ ಎಂದು ಯಾರೋ ಹೇಳಿದ್ದರು. ಸಿಸ್ಟರ್ ತಾವೇ ಅಂಗಡಿಗೆ ಬಂದು, ಜೋಳದ ಚೀಲದ ಮೇಲೆ ಕೂತು ಚಹಾ ಕುಡಿದು, ಮಗಳ ದೇವರು ನಿಮ್ಮ ಮನೆಯಲ್ಲೇ ಇರಲಿ, ನನಗೆ ಅವಳ ಮಾತು ಬೇಕು ಅಷ್ಟೆ ಎಂದರು. ಅಪ್ಪನಿಗೆ ಆ ನೇರ ಮಾತು ಹಿಡಿಸಿತು.

ಕೆಳಗೆ ಕಾಲುವೆ ಬಂದು ಆಗ ಕೆಲವೇ ವರ್ಷವಾಗಿತ್ತು. ಗುಡ್ಡದ ಮೇಲಿಂದ ನೋಡಿದರೆ ನಾರಾಯಣಪುರದ ನೀರು ಭತ್ತದ ಗದ್ದೆಗಳ ನಡುವೆ ಹರಿಯುವುದು ಕಾಣುತ್ತಿತ್ತು. ಆ ಕಾಲುವೆಗೆ ಮಣ್ಣು ಹೊತ್ತ ತಾಂಡಾದವರು ಮಾತ್ರ ಬಂಡೆ ಸಂದಿಯ ಒರತೆಯಿಂದ ಕೊಡ ತುಂಬುತ್ತಿದ್ದರು. ವಾರಕ್ಕೆ ಎರಡು ಸಲ ನಾವು ಹತ್ತುತ್ತಿದ್ದೆವು. ಔಷಧದ ಚೀಲವನ್ನು ಸಿಸ್ಟರ್ ಒಂದು ದಿನವೂ ನನ್ನ ಹೆಗಲಿಗೆ ಹಾಕಲಿಲ್ಲ.

ತಾಂಡಾದ ಮರಿಯಮ್ಮನ ಗುಡಿಕಟ್ಟೆಯೇ ನಮ್ಮ ದವಾಖಾನೆ. ಸಿಸ್ಟರಿನ ಕೊರಳ ಪದಕದಲ್ಲಿರುವವರು ಯಾರೆಂದು ಒಬ್ಬ ಮುದುಕಿ ಕೇಳಿದಳು. ಮರಿಯಮ್ಮ ಎಂದರು ಸಿಸ್ಟರ್. ಮುದುಕಿಯ ಮುಖ ಅರಳಿತು. ಸಿಸ್ಟರ್ ಗಾಬರಿಯಾಗಿ, ಇವರು ಬೇರೆ, ಏಸುವಿನ ತಾಯಿ, ಅದನ್ನು ಸರಿಯಾಗಿ ತಿಳಿಸು ಎಂದು ನನಗೆ ಹೇಳಿದರು. ನಾನು ಮುದುಕಿಗೆ, ಇಬ್ಬರೂ ಅಕ್ಕತಂಗಿಯರಂತೆ ಎಂದುಬಿಟ್ಟೆ.

ಹೀಗೆಯೇ ನಡೆಯುತ್ತಿತ್ತು. ಸಿಸ್ಟರಿನ ದನಿ ಮೆತ್ತಗೆ, ಮಾತು ಮಾತ್ರ ಖಡಕ್ಕು. ಈ ಹೊಲಸು ಕೈಯಿಂದ ಉಣ್ಣಿಸುವುದಕ್ಕಿಂತ ಮಗುವಿಗೆ ಹುಳುಗಳನ್ನೇ ಕೊಡು ಎಂದು ಒಬ್ಬಳಿಗೆ ಅವರು ಗದರಿದರೆ, ಕೈ ತೊಳೆದುಕೊಂಡರೆ ಕೂಸಿಗೆ ಒಳ್ಳೆಯದು ಎಂದು ನಾನು ಹೇಳುತ್ತಿದ್ದೆ. ಸಿಸ್ಟರಮ್ಮನ ಮಾತು ಬೆಲ್ಲದಂಥದ್ದು ಎಂದು ತಾಂಡಾದಲ್ಲೆಲ್ಲ ಹೆಸರಾಯಿತು. ಆ ಬೆಲ್ಲ ನನ್ನದೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಎರಡನೆಯ ವರ್ಷ, ಹೋಳಿ ಹಬ್ಬ ಮುಗಿದ ವಾರ, ಐದು ದಿನದ ಬಾಣಂತಿಯೊಬ್ಬಳನ್ನು ನೋಡಲು ಕರೆದರು. ಗಂಡಸರೆಲ್ಲ ದೂರದ ಕೆಲಸಕ್ಕೆ ಹೋಗಿದ್ದರು. ಹುಡುಗಿಯ ಮೈ ಕೆಂಡವಾಗಿತ್ತು. ಸಿಸ್ಟರ್ ಪರೀಕ್ಷಿಸಿ, ಇಂಜೆಕ್ಷನ್ ಕೊಟ್ಟು, ಹೊರಗೆ ಬಂದು ನನಗೆ ಹೇಳಿದರು: “ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇಲ್ಲದಿದ್ದರೆ ಇವಳು ಉಳಿಯುವುದಿಲ್ಲ. ಹಾಗೆಯೇ ಹೇಳು.”

ಹುಡುಗಿಯ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲಲ್ಲಿ ಕೂತಿದ್ದಳು. ಹಸಿ ಬಾಣಂತಿಯ ಮನೆಯಲ್ಲಿ ‘ಉಳಿಯುವುದಿಲ್ಲ’ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಜ್ವರ ಜಾಸ್ತಿ ಇದೆ, ದೊಡ್ಡ ದವಾಖಾನೆಗೆ ತೋರಿಸಿದರೆ ಒಳ್ಳೆಯದಂತೆ ಎಂದೆ. ಆಗಲಿ, ಹೋಗೋಣ ಎಂದಳು ಅತ್ತೆ. ಒಪ್ಪಿದ್ದಾರೆ ಎಂದು ನಾನು ಸಿಸ್ಟರಿಗೆ ತಿಳಿಸಿದೆ.

ಗಾಡಿ ಹುಡುಕಲು ನಾವಿಬ್ಬರೂ ಮುಂದಾಗಿ ಇಳಿದೆವು. ಕಾಲುವೆ ರಸ್ತೆಯಲ್ಲಿ ನೀರಾವರಿಯವರ ಜೀಪೊಂದನ್ನು ತಡೆದು ಸಿಸ್ಟರ್ ಡ್ರೈವರನನ್ನು ಒಪ್ಪಿಸಿದರು. ಕಾದೆವು. ಬಿಸಿಲು ನೆತ್ತಿಗೆ ಬಂದರೂ ಗುಡ್ಡದಿಂದ ಯಾರೂ ಇಳಿಯಲಿಲ್ಲ.

“ನೀನು ಅವರಿಗೆ ಏನು ಹೇಳಿದೆ?” ಎಂದು ಕೇಳಿದರು ಸಿಸ್ಟರ್.

ಹೇಳಿದ್ದನ್ನು ಹಾಗೆಯೇ ಒಪ್ಪಿಸಿದೆ. ಅವರು ಬೈಯಲಿಲ್ಲ. ಡ್ರೈವರನಿಗೆ ಇಲ್ಲೇ ಇರಿ ಎಂದು ಹೇಳಿ, ಕಾದ ಬಂಡೆಗಳ ಮೇಲೆ ಮತ್ತೆ ಹತ್ತತೊಡಗಿದರು. ನಾನು ಓಡುತ್ತ ಹಿಂಬಾಲಿಸಿದೆ.

ಈ ಸಲ ಅವರ ಮಾತನ್ನು ಇದ್ದಂತೆಯೇ ಹೇಳಿದೆ. ಗಂಡಸರು ಬಂದ ಮೇಲೆ ಹೋದರಾಯಿತೆಂದು ಕೂತಿದ್ದ ಅತ್ತೆ ಬೆಚ್ಚಿಬಿದ್ದಳು. ಅವಳು ಲಂಬಾಣಿಯಲ್ಲಿ ಕೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆದರೆ ಇಷ್ಟೇ: “ಮುಂಜಾನಿ ಯಾಕ ಹೇಳ್ಲಿಲ್ಲವ್ವ? ನಾ ಏನ್ ಹುಚ್ಚಿ ಇದ್ದೆನೇನ, ಸೊಸಿನ್ನ ಸಾಯಾಕ ಬಿಡ್ಲಿಕ್ಕ?”

ಬಾಣಂತಿಯನ್ನು ಮಲಗಿಸಿದ ಹೊರಸಿನ ಮೂರು ಕಾಲನ್ನು ತಾಂಡಾದ ಹೆಂಗಸರು ಹಿಡಿದರು, ಒಂದನ್ನು ಸಿಸ್ಟರ್. ಅತ್ತೆ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಜೀಪು ಅಲ್ಲೇ ಇತ್ತು. ಯಾದಗಿರಿ ಆಸ್ಪತ್ರೆಯವರು ಗುಲಬರ್ಗಾಕ್ಕೆ ಕಳಿಸಿದರು. ಅಲ್ಲಿ ಆಪರೇಷನ್ ಆಯಿತು. ಹುಡುಗಿ ಉಳಿದಳು. ಆದರೆ ಗರ್ಭಕೋಶ ತೆಗೆಯಬೇಕಾಯಿತು. ಬೆಳಿಗ್ಗೆಯೇ ಕರೆತಂದಿದ್ದರೆ ಅದು ಉಳಿಯುತ್ತಿತ್ತೇ? ಯಾರೂ ಹೇಳಲಿಲ್ಲ, ನನಗೂ ಕೇಳುವ ಧೈರ್ಯವಾಗಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಕೆಲಸ ಬಿಡುತ್ತೇನೆಂದು ನಾನು ಅತ್ತುಬಿಟ್ಟೆ. ಎರಡು ವರ್ಷದಿಂದ ಮೆತ್ತಗೆ ಮಾಡಿದ್ದನ್ನೆಲ್ಲ ಹೇಳಿಕೊಂಡೆ. ಸಿಸ್ಟರ್ ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಂಡರು.

“ತಪ್ಪು ನನ್ನದೂ ಉಂಟು ಮಾರಾಯ್ತಿ,” ಎಂದರು. “ಎರಡು ವರ್ಷ ನಿನ್ನ ಬಾಯಿಯಲ್ಲೇ ಮಾತಾಡಿದೆ. ನಾನು ಕಲಿಯಬೇಕಿತ್ತು.”

ಕಲಿತರು. ಔಷಧ ಕೊಡುವುದು ಮುಗಿದ ಮೇಲೆ ಹೆಂಗಸರು ಕಸೂತಿ ಹಾಕುವಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತಿದ್ದರು. ಆ ಅತ್ತೆಯೇ ಅವರಿಗೆ ಗುರು. ತಪ್ಪು ಹೇಳಿದರೆ ಸೂಜಿ ಹಿಡಿದ ಕೈಯಿಂದಲೇ ಸಿಸ್ಟರಿನ ಮೊಣಕಾಲಿಗೆ ತಟ್ಟುತ್ತಿದ್ದಳು. ಅವರು ಸ್ವಂತ ಬಾಯಿಯಿಂದ ಮೊದಲ ಸಲ ಗದರಿದ ದಿನ, ಸಿಸ್ಟರಮ್ಮನಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಜನ ನನ್ನನ್ನು ಕೇಳಿದರು. ನಿಜ ಹೇಳಿದೆ. ಬಿದ್ದು ಬಿದ್ದು ನಕ್ಕರು. ಕಟ್ಟೆಗೆ ಬರುವವರು ಕಡಿಮೆಯಾಗಲಿಲ್ಲ.

ಪದಕದ ಮರಿಯಮ್ಮ ಬೇರೆ ಎಂಬುದನ್ನೂ ಮುದುಕಿಗೆ ತಾವೇ ವಿವರಿಸಿದರು. ಬೇರೆಯಾದರೆ ಆಗಲಿ, ಕೂರಲು ಕಟ್ಟೆ ಒಂದೇ ಇದೆಯಲ್ಲ ಎಂದಳಂತೆ ಮುದುಕಿ. ನನಗೆ ತಿಳಿದಂತೆ ತಾಂಡಾದಲ್ಲಿ ಯಾರೂ ಅವರ ಧರ್ಮಕ್ಕೆ ಸೇರಲಿಲ್ಲ. ಅದಕ್ಕೆ ಅವರು ಮುಖ ಸಣ್ಣ ಮಾಡಿದ್ದನ್ನೂ ನಾನು ಕಾಣಲಿಲ್ಲ.

ಅವರ ಒತ್ತಾಯಕ್ಕೇ ನಾನು ನರ್ಸ್ ತರಬೇತಿಗೆ ಹೋದೆ, ಮುಂದೆ ಸುರಪುರದ ಕಡೆ ಸರ್ಕಾರಿ ಕೆಲಸ ಸಿಕ್ಕಿತು. ಒಮ್ಮೆ ರಜೆಯಲ್ಲಿ ತಾಂಡಾಕ್ಕೆ ಹೋದಾಗ ಸಿಸ್ಟರಿಗೆ ವರ್ಗವಾಗಿ ತಿಂಗಳಾಗಿತ್ತು. ಕೊನೆಯ ದಿನವೂ ಎಂದಿನಂತೆ ಕಟ್ಟೆಗೆ ಬಂದು, ಎರಡು ತಿಂಗಳ ಮಾತ್ರೆಗಳನ್ನು ಒಬ್ಬೊಬ್ಬರ ಹೆಸರಿನ ಪೊಟ್ಟಣ ಕಟ್ಟಿ ಕೊಟ್ಟು, ಹೋಗುತ್ತೇನೆಂದು ಯಾರಿಗೂ ಹೇಳದೆ ಇಳಿದುಹೋಗಿದ್ದರಂತೆ. ನನಗೆ ಸಿಟ್ಟು ಬಂತು. ಅತ್ತೆ ಮಾತ್ರ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: “ಹೇಳಿದ್ರ ನಾವು ಬಿಡ್ತಿದ್ದಿವೇನವ್ವ?”