ಹನ್ನೊಂದು ವರ್ಷದ ಸೀನು

ಲೋಕದಲ್ಲಿ ಸೀನುವವರಿಗೆ ಬರವಿಲ್ಲ. ನೆಗಡಿಗೆ ಸೀನುವವರುಂಟು, ನಶ್ಯಕ್ಕೆ ಸೀನುವವರುಂಟು, ಹೊರಟವರ ಶಕುನ ಕೆಡಿಸಲೆಂದೇ ಸೀನುವವರೂ ಉಂಟು. ಆದರೆ ಕುಟ್ಟನಾಡಿನ ನಮ್ಮ ಉತುಪ್ಪನ ಸೀನು ಈ ಯಾವ ಕುಲಕ್ಕೂ ಸೇರಿದ್ದಲ್ಲ. ಅದು ವಾರಕ್ಕೊಮ್ಮೆ, ಭಾನುವಾರದ ಬಲಿಪೂಜೆಯಲ್ಲಿ, ಪಾದ್ರಿಗಳು "ಒಬ್ಬರಿಗೊಬ್ಬರು ಸಮಾಧಾನ ಕೊಡಿ" ಎಂದ ಉಸಿರಿನಲ್ಲೇ ಹುಟ್ಟುತ್ತಿತ್ತು. ಇಗರ್ಜಿಯ ಮಾಡಿನ ಪಾರಿವಾಳಗಳು ಹಾರುತ್ತಿದ್ದವು. ಕಾಲುವೆಯಾಚೆಯ ಬಾತುಕೋಳಿಗಳು ಕ್ವಾಕ್ ಎಂದು ಮರುನುಡಿಯುತ್ತಿದ್ದವು. ಉತುಪ್ಪ ಹೆಗಲ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಯುದ್ಧದಲ್ಲಿ ಗಾಯಗೊಂಡ ದಳಪತಿಯ ಗಾಂಭೀರ್ಯದಿಂದ ಪಕ್ಕದ ಬಾಗಿಲಲ್ಲಿ ಹೊರನಡೆದು, ಕಲ್ಲು ಶಿಲುಬೆಯ ಬಳಿ ನಿಂತು, ಮುಂದಿನ ಹಾಡು ಶುರುವಾದ ಮೇಲೆ ಒಳಗೆ ಬರುತ್ತಿದ್ದ. ಅಷ್ಟರಲ್ಲಿ ಬಲಿಪೀಠದಿಂದ ಹೊರಟ ಸಮಾಧಾನ ಜೋಡಿಸಿದ ಕೈಗಳಿಂದ ಜೋಡಿಸಿದ ಕೈಗಳಿಗೆ ದಾಟುತ್ತ ಕೊನೆಯ ಸಾಲು ಮುಟ್ಟಿರುತ್ತಿತ್ತು.

ಹೊಸದಾಗಿ ಬಂದ ಪಾದ್ರಿಯೊಬ್ಬರು ಧೂಪದ ಹೊಗೆಯನ್ನು ಅನುಮಾನಿಸಿ ಒಂದು ತಿಂಗಳು ಧೂಪವನ್ನೇ ನಿಲ್ಲಿಸಿದರು. ಸೀನು ನಿಲ್ಲಲಿಲ್ಲ. ಬಿಷಪ್ಪರು ಬಂದ ದಿನ ಪ್ರಸಂಗ ಮುಕ್ಕಾಲು ಗಂಟೆ ಹೆಚ್ಚಿಗೆ ಓಡಿತು. ಸೀನು ಮರ್ಯಾದೆಯಿಂದ ಕಾದಿದ್ದು, ತನ್ನ ಹೊತ್ತಿಗೆ ಸರಿಯಾಗಿ ಬಂದಿತು.

ಸೀನಿನ ಮೂಲ ಮಾತ್ರ ಎಲ್ಲರಿಗೂ ಗೊತ್ತಿತ್ತು. ಅದು ಮೂಗಿನಲ್ಲಿರಲಿಲ್ಲ, ಉತುಪ್ಪನ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ ನಿಂತಿರುತ್ತಿತ್ತು. ಅದರ ಹೆಸರು ಕುರುವಿಳ. ಉತುಪ್ಪನ ಒಡಹುಟ್ಟಿದ ತಮ್ಮ. ಅಣ್ಣ ಕಂಬದ ಬಲಕ್ಕೆ ಹೋದರೆ ತಮ್ಮನೂ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಪ್ರತಿ ಭಾನುವಾರ ಅವನು ಎರಡು ಕೈ ಜೋಡಿಸಿ, ಅಣ್ಣ ಬಿಟ್ಟುಹೋದ ಖಾಲಿ ಜಾಗಕ್ಕೆ ಚಾಚಿ, ಮೂರು ಎಣಿಸುವಷ್ಟು ಹೊತ್ತು ನಿಂತು, ಆಮೇಲೆ ಪಕ್ಕದವನ ಕಡೆ ತಿರುಗುತ್ತಿದ್ದ.

ಜಗಳದ ಕಾರಣ ಹುಡುಕುವುದರಲ್ಲಿ ಊರು ತನ್ನ ಪ್ರತಿಭೆಯನ್ನೆಲ್ಲ ಖರ್ಚು ಮಾಡಿತ್ತು. ಗದ್ದೆಯ ಬದು ಎಂದರು, ದೋಣಿ ಪಂದ್ಯದಲ್ಲಿ ಕೈಕೊಟ್ಟದ್ದು ಎಂದರು. ನಿಜ ಇಷ್ಟೇ: ಕರ್ತನ ಕೊನೆಯ ಭೋಜನದ ನೆನಪಿಗೆ ಪೆಸಹಾ ಗುರುವಾರದಂದು ಮಾಡುವ ಅಪ್ಪ, ಅಂದರೆ ಅಕ್ಕಿಯ ರೊಟ್ಟಿ.

ನಮ್ಮವರಲ್ಲಿ ತರವಾಡು, ಅಂದರೆ ಹಿರಿಯರ ಕಾಲದ ಮನೆ, ಕಿರಿಯ ಮಗನ ಪಾಲು. ಉತುಪ್ಪ ಮದುವೆಯಾಗಿ ಕಾಲುವೆಯಾಚೆ ಮನೆ ಕಟ್ಟಿಕೊಂಡ. ಕುರುವಿಳ ತಾಯಿ ಅಮ್ಮಚ್ಚಿಯೊಂದಿಗೆ ಹಳೆ ಮನೆಯಲ್ಲಿ ಉಳಿದ. ಆದರೆ ಪೆಸಹಾ ಸಂಜೆ ಎಲ್ಲರೂ ಅಲ್ಲಿ ಸೇರಬೇಕು. ತೆಂಗಿನ ಗರಿಯ ಶಿಲುಬೆ ಇಟ್ಟು ಬೇಯಿಸಿದ ಹುಳಿಯಿಲ್ಲದ ಅಪ್ಪವನ್ನು ಮನೆಯ ಹಿರಿಯನೇ ಮುರಿಯಬೇಕು. ತಂದೆ ತೀರಿಕೊಂಡ ಮೇಲೆ ಆ ಹಕ್ಕು ಉತುಪ್ಪನದು. ಒಂದು ವರ್ಷ ಅವನು ಇಗರ್ಜಿಯಿಂದ ಬರುವುದು ಬಹಳ ತಡವಾಯಿತು. ಬಂದು ನೋಡಿದರೆ ಅಪ್ಪ ಮುರಿದಾಗಿತ್ತು. ಮುರಿದವನು ಕುರುವಿಳ.

"ನಾನು ಸತ್ತೆ ಅಂದ್ಕೊಂಡ್ಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಉತುಪ್ಪ ದೋಣಿ ಹತ್ತಿದ.

ಅಂದು ತಡವಾದದ್ದು ಯಾಕೆಂದು ಉತುಪ್ಪ ಯಾರಿಗೂ ಹೇಳಲಿಲ್ಲ, ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಲೂ ಇಲ್ಲ. ಕರ್ತನು ಶಿಷ್ಯರ ಪಾದ ತೊಳೆದ ನೆನಪಿಗೆ ಪಾದ್ರಿಗಳು ಅಂದು ಊರಿನ ಹನ್ನೆರಡು ಗಂಡಸರ ಪಾದ ತೊಳೆಯುತ್ತಾರೆ. ಉತುಪ್ಪನಿಗೆ ಹನ್ನೆರಡನೆಯ ಕುರ್ಚಿ ಸಿಕ್ಕಿತ್ತು. ಇಪ್ಪತ್ತು ವರ್ಷ ಧರ್ಮೋಪದೇಶ ಕಲಿಸಿದ ತನಗೆ ಮೊದಲ ಕುರ್ಚಿ ಯಾಕಿಲ್ಲ ಎಂದು, ಒದ್ದೆ ಕಾಲಿನಲ್ಲೇ, ಅವನು ಪಾದ್ರಿಗಳೊಡನೆ ಒಂದು ಗಂಟೆ ವಾದಿಸುತ್ತ ನಿಂತಿದ್ದ.

ಧರ್ಮೋಪದೇಶ ಎಂದರೆ ಸಾಮಾನ್ಯದ್ದಲ್ಲ. ಉತುಪ್ಪನಿಗೆ ನಾಲ್ಕು ಸುವಾರ್ತೆಗಳೂ ಬಾಯಿಪಾಠ. ಕುಡುಕನಿಗೆ ಒಂದು ವಚನ, ಸೋಮಾರಿಗೆ ಒಂದು, ಸೊಸೆಯನ್ನು ಬೈಯುವ ಅತ್ತೆಗೆ ಎರಡು. ಪ್ರತಿ ವಚನಕ್ಕೂ ಅವನು ಊರಿನೊಳಗೆ ಒಂದು ವಿಳಾಸ ಹುಡುಕಿ ತಲುಪಿಸುತ್ತಿದ್ದ. ತನ್ನ ಮನೆಯ ವಿಳಾಸಕ್ಕೆ ಒಂದೂ ಬಂದಿರಲಿಲ್ಲ. "ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಒಂದಾಗು" ಎಂಬ ವಚನವನ್ನು ಅವನು ಮಕ್ಕಳಿಗೆ ಎಷ್ಟು ಚೆನ್ನಾಗಿ ವಿವರಿಸುತ್ತಿದ್ದನೆಂದರೆ ಬಾಗಿಲಲ್ಲಿ ನಿಂತು ಕೇಳಿದ ತಾಯಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು.

ಊರಿಗೆಲ್ಲ ಅಚ್ಚಾಯ, ಅಂದರೆ ಅಣ್ಣ, ಆಗಿದ್ದ ಅವನನ್ನು ಮುಖಕ್ಕೆ ಮುಖ ಕೆಣಕುವ ಧೈರ್ಯವಿದ್ದದ್ದು ಬಾತುಕೋಳಿ ಸಾಕುವ ಪೋತನಿಗೆ ಮಾತ್ರ.

"ಅಚ್ಚಾಯಾ, ಏಳೆಪ್ಪತ್ತು ಸಲ ಕ್ಷಮಿಸ್ಬೇಕು ಅಂತಲ್ವಾ ಕರ್ತ ಹೇಳಿದ್ದು? ಅಂದ್ರೆ ನಾನೂರ ತೊಂಬತ್ತು. ಹನ್ನೊಂದು ವರ್ಷಕ್ಕೆ ಭಾನುವಾರ ಎಷ್ಟಾಯ್ತು ಗೊತ್ತಾ? ಐನೂರ ಎಪ್ಪತ್ತೆರಡು. ಕುರುವಿಳ ಕರ್ತನ ಲೆಕ್ಕಾನೂ ದಾಟಿ ಕೈ ಚಾಚ್ತಾವ್ನೆ."

"ನೀನು ಬಾತುಕೋಳಿ ಎಣಿಸು ಪೋತಾ, ಸುವಾರ್ತೆ ಎಣಿಸ್ಬೇಡ."

"ಎಣಿಸ್ತೀನಿ ಬಿಡಿ. ಅವೂ ಸಂಜೆಗೆ ಒಂದೇ ಗೂಡಿಗೆ ಬರ್ತವೆ."

ಆ ಮಳೆಗಾಲದಲ್ಲಿ ಕುರುವಿಳ ಸತ್ತ. ಬೆಳಗಿನ ಹೊತ್ತು, ದೋಣಿಯ ನೀರು ಎತ್ತಿ ಚೆಲ್ಲುತ್ತಿದ್ದವನು ಹಾಗೇ ಒರಗಿಕೊಂಡ, ಅಷ್ಟೇ. ಹಾಸಿಗೆ ಹಿಡಿದು ನಾಲ್ಕು ದಿನ ಮಲಗಿದ್ದರೆ ಉತುಪ್ಪ ಹೋಗಿ ನೋಡುತ್ತಿದ್ದನೇನೋ. ಮನಸ್ಸು ಮಾಡುವವರಿಗೆ ಸಾವು ಅಂಥ ಸವಲತ್ತನ್ನು ಯಾವಾಗಲೂ ಕೊಡುವುದಿಲ್ಲ.

ಇಗರ್ಜಿಯಲ್ಲಿ ಬಂಧುಗಳು ಒಬ್ಬೊಬ್ಬರಾಗಿ ಶವಕ್ಕೆ ಕೊನೆಯ ಮುತ್ತು ಕೊಡುತ್ತಿದ್ದರು. ಉತುಪ್ಪನ ಸರದಿ ಬಂದಾಗ ಊರಿಗೆ ಊರೇ ಉಸಿರು ಹಿಡಿದು ಸೀನಿಗಾಗಿ ಕಾಯಿತು. ಸೀನು ಬರಲಿಲ್ಲ. ಉತುಪ್ಪ ಬಗ್ಗಿ, ಜಪಮಾಲೆ ಸುತ್ತಿದ್ದ ತಮ್ಮನ ಜೋಡಿಸಿದ ಕೈಗಳನ್ನು ತನ್ನ ಎರಡು ಅಂಗೈಗಳ ನಡುವೆ ಹಿಡಿದುಕೊಂಡ. ಹಿಂದಿನವರು ಕೆಮ್ಮಿ ನೆನಪಿಸುವ ತನಕ ಬಿಡಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವನು ಸೀನಲಿಲ್ಲ. ಸಮಾಧಾನದ ಹೊತ್ತಿಗೆ ತಾನಾಗಿ ಹಿಂದಕ್ಕೆ ತಿರುಗುತ್ತಿದ್ದ. ಅಲ್ಲಿ ಬಾತುಕೋಳಿಯ ವಾಸನೆ ಹೊತ್ತ ಪೋತ ಕೈಚಾಚಿ ನಿಂತಿರುತ್ತಿದ್ದ.

ಉಪವಾಸದ ನೋಂಬು ಮುಗಿಯುತ್ತ ಪೆಸಹಾ ಬಂತು. ಹೆಂಡತಿ ಏಲಿಯಾಮ್ಮ ಒಲೆಯ ಮೇಲೆ ಎರಡು ಅಪ್ಪ ಬೇಯಿಸಿದ್ದಳು.

"ಎರಡು ಯಾಕೆ?"

"ಒಂದು ತರವಾಡಿಗೆ. ಸಾವಾದ ಮನೇಲಿ ಆ ವರ್ಷ ಅಪ್ಪ ಮಾಡಲ್ಲ, ನೆಂಟರೇ ಒಯ್ದು ಕೊಡ್ಬೇಕು ಅಂತ ಊರಿಗೆಲ್ಲ ಕಲಿಸೋ ನಿಮಗೆ ನಾನು ಕಲಿಸ್ಲಾ?"

"ಪೋತನ ಕೈಲಿ ಕಳಿಸು."

"ಪೋತ ಮೊಟ್ಟೆ ತಲುಪಿಸ್ತಾನೆ. ಇದನ್ನ ಮನೆಯ ಹಿರಿಯ ಒಯ್ಯಬೇಕು. ಹಿರಿತನ ಬೇಕು ಅಂತ ತಾನೇ ಇಷ್ಟು ವರ್ಷ ಕುಣಿದದ್ದು? ಹೋಗಿ, ಮಾಡ್ಕೊಂಡು ಬನ್ನಿ."

ಅಪ್ಪವನ್ನು ಬಾಳೆಲೆಯಲ್ಲಿ ಸುತ್ತಿ, ಬೆಲ್ಲ ಹಾಕಿದ ತೆಂಗಿನಹಾಲಿನ ತಂಬಿಗೆಯನ್ನು ಮಂಡಿಗಳ ನಡುವೆ ಇರಿಸಿಕೊಂಡು ಉತುಪ್ಪ ಹುಟ್ಟು ಹಾಕಿದ. ತಮ್ಮನ ಹೆಂಡತಿ ಶೋಶಾಮ್ಮನಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ವಚನ ಹುಡುಕಿದ. ತಪ್ಪಿಹೋದ ಮಗನ ದೃಷ್ಟಾಂತ? ಅದರಲ್ಲಿ ಮನೆಯೊಳಗೆ ಬರಲು ಒಪ್ಪದೆ ಹೊರಗೆ ನಿಂತವನು ಅಣ್ಣ. ಮುನಿದ ಅಣ್ಣತಮ್ಮ ಯಾಕೋಬ ಏಸಾವರು ತಬ್ಬಿಕೊಂಡು ಅತ್ತದ್ದು? ಅದಕ್ಕೆ ಇಬ್ಬರೂ ಬದುಕಿರಬೇಕು. ಐವತ್ತು ಮಾರು ಅಗಲದ ಕಾಲುವೆ ದಾಟುವಷ್ಟರಲ್ಲಿ ಅವನ ಬಳಿಯಿದ್ದ ಬೈಬಲಿನ ಅರವತ್ತಾರು ಪುಸ್ತಕಗಳೂ ಅವುಗಳಿಗೆ ಸೇರಿದ ಚಿಲ್ಲರೆ ಏಳೂ ಬರಿದಾದವು.

ಶೋಶಾಮ್ಮ ಜಗಲಿಯಲ್ಲಿ ಕೂತಿದ್ದಳು. ಅಟ್ಟಿಬಿಡುತ್ತಾಳೆ ಎಂದುಕೊಂಡೇ ಉತುಪ್ಪ ಮೆಟ್ಟಿಲ ಬುಡದಲ್ಲಿ ನಿಂತ. ಅವಳು ಎದ್ದು ಸೆರಗು ತಲೆಗೆಳೆದುಕೊಂಡಳು.

"ಒಳಗೆ ಬನ್ನಿ ಅಚ್ಚಾಯಾ. ದೀಪ ಹಚ್ಚೇ ಇದೆ."

ಇಬ್ಬರೂ ಮಂಡಿಯೂರಿ ಪ್ರಾರ್ಥಿಸಿದರು. ಉತುಪ್ಪ ಅಪ್ಪವನ್ನು ಅವಳ ಕಡೆ ಸರಿಸಿದ. "ನೀನೇ ಮುರಿ."

"ನಾನ್ಯಾಕೆ? ಹಿರಿಯರು ನೀವು."

ಅವನ ಬೆರಳು ಶಿಲುಬೆಯ ಮೇಲೆಯೇ ನಿಂತಿತು. ಶೋಶಾಮ್ಮ ತಗ್ಗಿದ ದನಿಯಲ್ಲಿ ಹೇಳತೊಡಗಿದಳು.

"ಅಮ್ಮಚ್ಚಿಗೆ ಸಕ್ಕರೆ ಕಾಯಿಲೆ ಇತ್ತಲ್ಲ. ಅವತ್ತು ನೀವು ಬಂದಮೇಲೇ ತಿನ್ನೋದು ಅಂತ ಹಟ ಹಿಡಿದು ಕೂತಿದ್ರು. ಮೈಯೆಲ್ಲ ಬೆವೆತು ಕಣ್ಣು ಮೇಲಾಯ್ತು. ಇವರು ಹೆದರಿ ಅಪ್ಪ ಮುರಿದು ಹಾಲಲ್ಲಿ ಅದ್ದಿ ಬಾಯಿಗಿಟ್ರು. ನೀವು ಬರೋ ಹೊತ್ತಿಗೆ ಒಳಗೆ ಮಲಗ್ಸಿದ್ವಿ."

ಉತುಪ್ಪ ಒಳಕೋಣೆಯ ಬಾಗಿಲ ಕಡೆ ನೋಡಿದ. "ಯಾರೂ ಯಾಕೆ ಹೇಳ್ಲಿಲ್ಲ?"

"ಅಮ್ಮಚ್ಚಿ ಹೇಳ್ತೀನಿ ಅಂದ್ರು. ಇವರೇ ತಡೆದ್ರು. ನೀವು ಕುರ್ಚಿಗೆ ಜಗಳಾಡ್ತಾ ನಿಂತಿದ್ದು ಅಷ್ಟರಲ್ಲಿ ಗೊತ್ತಾಗಿತ್ತು. ನನ್ನಿಂದ ಅಮ್ಮಚ್ಚಿ ಹಸಿದಳು ಅಂತ ಅಚ್ಚಾಯ ಕೊರಗ್ತಾನೆ, ಬೇಡ, ಸಿಟ್ಟು ಇಳಿದ್ರೆ ತಾನೇ ಬರ್ತಾನೆ ಅಂದ್ರು. ಮುಂದಿನ ತಿಂಗಳು ಅಮ್ಮಚ್ಚೀನೂ ಹೋದ್ರಲ್ಲ."

ಉತುಪ್ಪ ಅಪ್ಪ ಮುರಿದ. ಸರಿಯಾಗಿ ಮುರಿಯಲಿಲ್ಲ, ಒಂದು ತುಂಡು ಚಾಪೆಗೆ ಬಿತ್ತು. ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ತಾನಿಟ್ಟುಕೊಂಡು, ದೊಡ್ಡ ತುಂಡನ್ನು ಹಾಲಿನಲ್ಲಿ ಅದ್ದಿ ಅವಳಿಗೆ ಕೊಟ್ಟ. ಶೋಶಾಮ್ಮ ಎರಡು ಕೈಯಲ್ಲಿ ಇಸಕೊಂಡಳು. ತಿನ್ನಲಿಲ್ಲ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹನ್ನೊಂದು ವರ್ಷ ಪೂಜೆ ಮುಗಿಸಿ ಬಂದು ಊಟಕ್ಕೆ ಕೂತಾಗೆಲ್ಲ ಅವರದ್ದು ಇದೇ ಪ್ರಶ್ನೆ, ಅಚ್ಚಾಯನ ಸಿಟ್ಟು ಇನ್ನೂ ಎಷ್ಟಿರ್ಬೋದು ಅಂತ. ನಾನೇನು ಹೇಳ್ಲಿ? ನೀವೇ ಹೇಳಿ. ಅಷ್ಟು ದೊಡ್ಡ ಸಿಟ್ಟಾ ಅದು?"

ಉತುಪ್ಪ ಕೈಗಂಟಿದ ಹಾಲನ್ನು ವಸ್ತ್ರಕ್ಕೆ ಒರೆಸಿಕೊಂಡ.

"ಸಿಟ್ಟು ಆ ವರ್ಷದ ಕ್ರಿಸ್‌ಮಸ್‌ಗೇ ಹೋಗಿತ್ತು ಶೋಶಾಮ್ಮ. ಆಮೇಲೆ ಹೇಗೆ ಮಾತು ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ."