ಲೆನೋರಾ ಎಂಟರ್ ಒತ್ತದ ಕಮಾಂಡ್

ಬಾಳೆಹಣ್ಣು ಪ್ಯಾಕಿಂಗ್ ಶೆಡ್ಡಿನ ಬೆಲ್ಟಿಗೆ ಸಿಕ್ಕಿ ಲೆನೋರಾ ಬ್ಯಾರೆಟ್ ಬಲಗೈಯ ಎರಡು ಬೆರಳು ಕಳೆದುಕೊಂಡಳು. ಆಮೇಲೆ ಕಂಪ್ಯೂಟರ್ ಕಲಿತು, ಲಿಮೋನ್ ಪಟ್ಟಣದ ನಮ್ಮ ಪ್ರವಾಹ ಎಚ್ಚರಿಕೆ ಕಚೇರಿಗೆ ಸರ್ವರ್ ನೋಡಿಕೊಳ್ಳಲು ಬಂದಳು. ನಾನು ಅಲ್ಲಿ ವೈರ್‌ಲೆಸ್ ಆಪರೇಟರ್.

ಅವಳದು ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯುವ ಕೆಲಸ. ಕಡತಗಳನ್ನಿಡುವ, ಒಂದರೊಳಗೊಂದು ಹುದುಗಿದ ಡೈರೆಕ್ಟರಿಗಳ ಹೆಸರನ್ನೆಲ್ಲ ಟೈಪ್ ಮಾಡಿದರೆ ಸಂಜೆಗೆ ಕೈ ಜೋಮು ಹಿಡಿಯುತ್ತಿತ್ತು. ಅದಕ್ಕೇ, ಹೋಗಿಬಂದ ಜಾಗಗಳನ್ನು ನೆನಪಿಡುವ ಪುಟ್ಟ ಪ್ರೋಗ್ರಾಂ ಒಂದನ್ನು ಹಾಕಿಕೊಂಡಿದ್ದಳು. ಹೆಸರಿನ ತುಣುಕು ಬರೆದರೆ ಸಾಕು, ಅಂಥ ಹೆಸರಿನ ಜಾಗಗಳಲ್ಲಿ ಅವಳು ಹೆಚ್ಚು ಸಲ ಹೋಗಿದ್ದ ಕಡೆಗೆ ಅದು ನೇರ ಕರೆದೊಯ್ಯುತ್ತಿತ್ತು.

"ನಡೆಯೋಕೆ ಸೋಮಾರಿತನ ಮಿಸ್ ಲೆನಿಗೆ, ಬರೀ ಹಾರ್ತಾಳೆ," ಎಂದು ಮೇಲಧಿಕಾರಿ ಆರ್ವಿಲ್ ರೇಗಿಸುತ್ತಿದ್ದ.

"ನಿಮ್ಮ ಥರ ತೆವಳೋಕೆ ನಂಗೆ ಪುರುಸೊತ್ತಿಲ್ಲ ಸ್ವಾಮಿ!"

ಆ ನವೆಂಬರಿನಲ್ಲಿ ಮಳೆ ಬಿಡದೆ ಹೊಡೆಯಿತು. ಮಧ್ಯಾಹ್ನ, ತೆಂಗಿನ ಹಾಲಿನ ಅನ್ನ ತಟ್ಟೆಯಲ್ಲೇ ಆರುತ್ತಿದ್ದಾಗ, ನದಿಯ ಮಟ್ಟ ತೋರಿಸುವ ಗೆರೆ ಇದ್ದಲ್ಲೇ ನಿಂತಿತು. ನದಿ ನಿಂತಿರಲಿಲ್ಲ, ಡಿಸ್ಕ್ ತುಂಬಿ ಅಳತೆ ದಾಖಲಾಗುತ್ತಿರಲಿಲ್ಲ. ಅಳತೆ ಬಾರದಿದ್ದರೆ ಕೆಳಗಿನ ಊರುಗಳ ಸೈರನ್ ತಾನಾಗಿ ಕೂಗುವುದಿಲ್ಲ. ಕೈಯಿಂದ ಕೂಗಿಸುವ ಸ್ವಿಚ್ಚು ಅದಾಗಲೇ ಕೆಟ್ಟಿತ್ತು, ನನ್ನ ವೈರ್‌ಲೆಸ್ ಸೇತುವೆಯ ಕಾವಲಿನವನಿಗಷ್ಟೇ ಮುಟ್ಟುತ್ತಿತ್ತು.

"ಹಳೇ ಅಳತೆ ಅಳಿಸ್ತೀನಿ, ಜಾಗ ಆಗುತ್ತೆ," ಎಂದಳು ಲೆನೋರಾ. ನಮ್ಮಲ್ಲಿ ಮಟ್ಟಕ್ಕೆ ಹೇಳುವ 'ನಿವೆಲ್' ಎಂಬ ಪದ ಹೊಡೆದು ಹಾರಿದಳು. ಒಳಗಿದ್ದುದೆಲ್ಲ ಅಳಿಸುವ ಕಮಾಂಡ್ ಬರೆದಳು.

"ನೀರು ಸೇತುವೆ ಮುಟ್ತಾ ಇದೆಯಂತೆ!" ಎಂದೆ ನಾನು.

"ಒತ್ತೇ ಮಾರಾಯ್ತಿ, ಏನ್ ನೋಡ್ತಿದೀಯ!" ಆರ್ವಿಲ್ ಕೂಗಿದ.

ಅವಳ ಬೆರಳು ಎಂಟರ್ ಮೇಲೆಯೇ ನಿಂತಿತು. ಕಣ್ಣು, ತಾನಿರುವ ಡೈರೆಕ್ಟರಿಯ ಹೆಸರು ತೋರುವ ಸಾಲಿನ ಮೊದಲಿಗೆ ಹೋಗಿತ್ತು. ಅದು ಹಳೆಯ ಅಳತೆಗಳ ಡೈರೆಕ್ಟರಿ ಅಲ್ಲ. ಬೆಳಗಿನಿಂದ ಅವಳು ಹತ್ತಾರು ಸಲ ಹೊಕ್ಕಿದ್ದ, ಸೈರನ್ನಿಗೆ ಅಳತೆ ಉಣಿಸುವ ಡೈರೆಕ್ಟರಿ. ಎರಡರ ಹೆಸರಲ್ಲೂ 'ನಿವೆಲ್' ಇತ್ತು.

"ಸುಮ್ನಿರಿ ಇಬ್ರೂ," ಎಂದಳು. ಬರೆದದ್ದನ್ನು ಒರೆಸಿದಳು. ಈ ಸಲ ಹಾರಲಿಲ್ಲ. ಪೂರ್ತಿ ದಾರಿಯನ್ನು ಒಂದೊಂದೇ ಅಕ್ಷರವಾಗಿ ಟೈಪ್ ಮಾಡಿದಳು. ಎಲ್ಲಿದ್ದೇನೆಂದು ಕಂಪ್ಯೂಟರನ್ನೇ ಮತ್ತೊಮ್ಮೆ ಕೇಳಿ ನೋಡಿಯೇ ಅಳಿಸಿದಳು.

ಪರದೆಯ ಗೆರೆ ಧಡಕ್ಕನೆ ಮೇಲೇರಿತು. ದೂರದಲ್ಲಿ ಸೈರನ್ ಕೂಗಿತು.

ಜನ ದಿಬ್ಬದ ಚರ್ಚು ಸೇರಿದ ಮೇಲೆ ಹೊಳೆ ಮನೆಗಳಿಗೆ ನುಗ್ಗಿತು. ಕೋಳಿ, ಹಂದಿ ಹೋದವು, ಮನುಷ್ಯರು ಉಳಿದರು. ಲೆನೋರಾ ಆರಿಹೋದ ಅನ್ನದ ತಟ್ಟೆಯನ್ನು ಎಳೆದುಕೊಂಡಳು. ಮರುದಿನ ಹಳೆಯ ಅಳತೆಗಳ ಡೈರೆಕ್ಟರಿಯ ಹೆಸರನ್ನು 'ಕಸ' ಎಂದು ಬದಲಿಸಿದಳು. ಹಾರುವುದನ್ನು ಮಾತ್ರ ಬಿಡಲಿಲ್ಲ.