ಗೋಡೆಯಾಚೆಯ ಕಿವಿ

ಖೈರೂನ್ ಖಾಲಾ ಅಡುಗೆಯನ್ನು ಕಣ್ಣಿಂದ ನೋಡುತ್ತಿರಲಿಲ್ಲ, ಕಿವಿಯಿಂದ ಕೇಳುತ್ತಿದ್ದರು. ಅದೂ ತಮ್ಮ ಮನೆಯದಲ್ಲ, ನಮ್ಮ ಮನೆಯದು. ನಾನು ಹಿತ್ತಲಲ್ಲಿ ಒಲೆ ಹಚ್ಚಿ, ಹಂಚಿಗೆ ಎಣ್ಣೆ ಬಿಟ್ಟು, ಖಂಡ ಸುರಿದದ್ದೇ ತಡ, ಗೋಡೆಯಾಚೆಯಿಂದ ದನಿ ಹಾರಿ ಬರುತ್ತಿತ್ತು:

"ಮಾಸ್ತರ, ಹಂಚು ಅಳಾಕತ್ತೈತಿ! ಸಂತಿ ನೆರಿಸಬ್ಯಾಡ್ರಿ. ಅರ್ಧ ತಗೀರಿ!"

ಸಂತೆ ನೆರೆಸುವುದೆಂದರೆ ಹಂಚಿನ ತುಂಬ ಒಟ್ಟಿಗೇ ಖಂಡ ಸುರಿಯುವುದು. ಹಂಚು ಅಳುವುದೆಂದರೆ ಖಂಡ ನೀರು ಬಿಡುವುದು. ಹಂಚು ಹಾಡುವುದೆಂದರೆ ಖಂಡ ಹುರಿಯುವುದು. ಖಾಲಾನ ಪಾಕಶಾಸ್ತ್ರ ಇಷ್ಟೇ. ಉಳಿದದ್ದೆಲ್ಲ ಖಾರದ ಪುಡಿಯ ವಿಷಯ ಅನ್ನುತ್ತಿದ್ದರು.

ನಾನು ಹಡಗಲಿ ಕಡೆಯವನು, ಕೂಡ್ಲಿಗಿಗೆ ಹೈಸ್ಕೂಲು ಮಾಸ್ತರನಾಗಿ ಬಂದವನು. ಹೆಂಡತಿ ಗಿರಿಜಾ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಒಂದು ವಾರ ಬೆಳಗಿನ ಡ್ಯೂಟಿ, ಒಂದು ವಾರ ರಾತ್ರಿ ಡ್ಯೂಟಿ. ಹಾಗಾಗಿ ಅಡುಗೆ ನನ್ನ ಪಾಲಿಗೆ ಬಂತು. ನಮ್ಮವ್ವನ ಕಟ್ಟಪ್ಪಣೆ ಒಂದಿತ್ತು: ಖಂಡ ಒಳಗಿನ ಒಲೆಯ ಮೇಲೆ ಏರಕೂಡದು, ಹಿತ್ತಲಲ್ಲೇ ಮಾಡಬೇಕು. ಹಿತ್ತಲಿಗೂ ಖಾಲಾನ ಅಂಗಳಕ್ಕೂ ನಡುವೆ ಎದೆಮಟ್ಟದ ಒಂದು ಕಲ್ಲಿನ ಗೋಡೆ. ಗೋಡೆಯಾಚೆ ಖಾಲಾ ದಿನವಿಡೀ ಒರಗಿರುವ ಹೊರಸು. ನನ್ನ ಮರ್ಯಾದೆ ಹೋಗಲು ಇನ್ನೇನು ಬೇಕು ಹೇಳಿ!

ಮೊದಲ ಭಾನುವಾರವೇ ಅವರು ನನ್ನ ನಾನ್‌ಸ್ಟಿಕ್ ಪ್ಯಾನನ್ನು ಗೋಡೆಯ ಮೇಲಿಂದ ಇಣುಕಿ ನೋಡಿ, "ಇದು ಆಟದ ಸಾಮಾನೇನ್ರಿ?" ಅಂದರು. ಒಳಗೆ ಹೋಗಿ ಎರಡೂ ಕೈಯಲ್ಲಿ ಹೊತ್ತು ತಂದರು ತಮ್ಮ ಹಂಚನ್ನು, ಒಂದು ಡಿಸ್ಕನ್ನು. ನಿಜಕ್ಕೂ ಅದು ಟ್ರ್ಯಾಕ್ಟರಿನ ಹಿಂದೆ ಹೊಲ ಹರಗುವ ಡಿಸ್ಕೇ. ಟ್ರ್ಯಾಕ್ಟರ್ ಮೆಕ್ಯಾನಿಕ್ಕಾಗಿದ್ದ ಅವರ ಗಂಡ ಸವೆದ ಡಿಸ್ಕೊಂದನ್ನು ಮನೆಗೆ ತಂದು, ನಡುವಿನ ಚೌಕ ತೂತಿಗೆ ಕಬ್ಬಿಣದ ತುಂಡು ಬೆಸೆದು, ಎರಡು ಕಡೆ ಹಿಡಿಕೆ ಕೂರಿಸಿ, ಮದುವೆಯ ಹೊಸದರಲ್ಲಿ ಹೆಂಡತಿಗೆ ಕೊಟ್ಟಿದ್ದರಂತೆ.

"ಮಂದಿ ಹೇಣ್ತಿಗೆ ಬಂಗಾರ ತರ್ತಾರ. ನಮ್ಮಾಂವ ಹೊಲದಾಗಿನ ಕಬ್ಬಣ ತಂದ," ಎಂದು ಖಾಲಾ ನಗುತ್ತಿದ್ದರು. "ಬಂಗಾರದಾಗ ಖಂಡ ಹುರಿಯಾಕ ಬರತೈತೇನ್ರಿ?"

ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಈಗ ಮಗ ಇಮ್ರಾನ್ ಅದೇ ಗ್ಯಾರೇಜು ನಡೆಸುತ್ತಿದ್ದ. ಸೊಸೆ ಎಲ್ಲವನ್ನೂ ಕುಕ್ಕರಿಗೆ ಹಾಕುವವಳು. "ಸೀಟಿ ಕೇಳಿ ಕೇಳಿ ನನ್ನ ಕಿವಿಗೆ ಬ್ಯಾಸರ ಬಂದೈತಿ," ಅನ್ನುತ್ತ ಖಾಲಾ ಹೊರಸನ್ನು ನಮ್ಮ ಗೋಡೆಯ ಕಡೆಗೆ ಇನ್ನಷ್ಟು ಎಳೆದುಕೊಂಡಿದ್ದರು.

ಅವರು ಹೇಳಿಕೊಟ್ಟ ಖಂಡ ಹತ್ತೇ ನಿಮಿಷದ್ದು. ಎಳೇ ಮರಿಯ ಬೆನ್ನಿನ ಖಂಡವನ್ನೇ ಕೇಳಿ ತರಬೇಕು, ಎಲುಬು ಬೇಡ. ಅಡಕೆಯಷ್ಟು ದಪ್ಪಕ್ಕೆ ಕೊಯ್ಯಬೇಕು. "ಬಟ್ಟಿಲೆ ಒರಸ್ರಿ, ಎರಕೊಂಡ ಕೂಸನ್ನ ಒರಸಿದಂಗ. ಹಸಿ ಇದ್ರ ಹಂಚು ಮುನಿಸ್ಕೋತೈತಿ." ಉಪ್ಪು, ಅರಿಷಿಣ, ಚೂರೇ ಚೂರು ಪಪ್ಪಾಯಿ ಕಾಯಿಯ ತಿರುಳು ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಹಂಚು ಹೊಗೆಯಾಡಿದ ಮೇಲೆ ಶೇಂಗಾ ಎಣ್ಣೆ ಬಿಟ್ಟು, ಒಂದಕ್ಕೊಂದು ತಾಗದ ಹಾಗೆ ತುಂಡು ಇಡಬೇಕು. ಆಮೇಲೆ ಕೈಕಟ್ಟಿ ಕೂರಬೇಕು. ನನಗೆ ಕೂರುವುದೇ ಆಗುತ್ತಿರಲಿಲ್ಲ. ಸೌಟು ಹಾಕಿ ಕೆದಕುತ್ತಿದ್ದೆ.

"ಮುಟ್ಟಿದ್ರಿ! ಕೇಳಿಸ್ತು ನನಗ!"

ಅಡಿ ಕೆಂಪಗಾದ ಮೇಲೆ ಮಗುಚಿ, ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಒಣ ಮೆಣಸಿನಕಾಯಿ, ಕೊತ್ತಂಬರಿ ಕಾಳು, ಕರಿಮೆಣಸು, ಒಂದು ಹಿಡಿ ಕರಿಬೇವು. ಕೆಳಗಿಳಿಸಿದ ಮೇಲೆ ನಿಂಬೆಹಣ್ಣು. ಆ ಖಾರಕ್ಕೆ ಮೂಗಲ್ಲಿ ನೀರು ಬರುತ್ತಿತ್ತು, ಆದರೂ ಕೈ ಮತ್ತೆ ತಟ್ಟೆಗೇ ಹೋಗುತ್ತಿತ್ತು.

ನನ್ನ ಮತ್ತು ಗಿರಿಜಾಳ ಮದುವೆ ನಾವೇ ಮಾಡಿಕೊಂಡದ್ದು. ಅವಳ ಅಪ್ಪ ಹಾಲಪ್ಪನವರು ಉಚ್ಚಂಗಿದುರ್ಗದ ಕೆಳಗಿನ ಒಂದು ಹಳ್ಳಿಯವರು. ಮದುವೆಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಗಿರಿಜಾ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಆದರೆ ಯಾವ ಹಬ್ಬಕ್ಕೂ ಅವಳು ಒಂದು ತಟ್ಟೆ ಹೆಚ್ಚಿಗೆ ತೊಳೆದಿಡುವುದನ್ನು ನಾನು ನೋಡುತ್ತಿದ್ದೆ. ಅಪ್ಪ ಒಮ್ಮೆ ಬಂದು ತನ್ನ ಮನೆಯಲ್ಲಿ ಉಂಡು ಹೋದರೆ ಸಾಕು, ಅಷ್ಟೇ ಅವಳ ಆಸೆ.

ಬೇಸಿಗೆ ರಜೆಯಲ್ಲಿ ಒಂದು ದಿನ ಅವಳು ಡ್ಯೂಟಿಗೆ ಹೋದ ಮೇಲೆ ಅವಳ ತಮ್ಮ ಫೋನು ಮಾಡಿದ. "ಭಾವ, ಅಪ್ಪ ಕೂಡ್ಲಿಗಿಗೆ ಬರ್ತಾ ಅದಾನೆ. ಯಾವುದೋ ಕೆಲ್ಸ ಐತಂತೆ. ಮಧ್ಯಾಹ್ನ ಹತ್ತು ನಿಮಿಷ ಮನಿಗೆ ಬಂದು ಹೋಗ್ತಾನೆ. ಅಕ್ಕ ಫೋನ್ ಎತ್ತಲ್ಲ. ಖಂಡ ಅಂದ್ರೆ ಅಪ್ಪಗೆ ಪ್ರಾಣ, ನೋಡು ಮತ್ತೆ." ಅಷ್ಟು ಹೇಳಿ ಇಟ್ಟುಬಿಟ್ಟ. ಡ್ಯೂಟಿಯಲ್ಲಿ ಗಿರಿಜಾಳ ಫೋನು ಬೀರುವಿನಲ್ಲಿರುತ್ತದೆ. ಅವಳು ಬರುವುದು ಎರಡರ ಮೇಲೆ.

ಗೋಡೆಯ ಹತ್ತಿರ ಓಡಿದೆ. "ಖಾಲಾ, ಮಾವ ಬರಾಕತ್ಯಾರ!"

"ಯಾ ಅಲ್ಲಾ! ಡಿಸ್ಕ್ ಹಿಡೀರಿ," ಅಂದರು ಖಾಲಾ. ಇಮ್ರಾನನನ್ನು ಎಳೇ ಮರಿಯ ಖಂಡ ತರಲು ಅಟ್ಟಿದರು. ತಾವೇ ಖಾರ ಕುಟ್ಟಿ ಗೋಡೆಯ ಮೇಲಿಂದ ಕೊಟ್ಟರು. ಹನ್ನೆರಡು ದಾಟುವಷ್ಟರಲ್ಲಿ ಹಂಚು ಹಾಡತೊಡಗಿತ್ತು. "ಇವತ್ತ ಅಂತೂ ಸೈ ಮಾಸ್ತರ!" ಎಂದು ಖಾಲಾ ಆಚೆಯಿಂದ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಬಿಳೀ ಧೋತರ, ಹೆಗಲ ಮೇಲೆ ಟವೆಲ್ಲು, ಹಣೆಯ ಮೇಲೆ ದೊಡ್ಡ ಭಂಡಾರ ಹಚ್ಚಿಕೊಂಡ ಮಾವ ಸೀದಾ ಹಿತ್ತಲಿಗೇ ಬಂದು ನಿಂತರು. ವಾಸನೆಯೇ ಕರೆತಂದಿರಬೇಕು.

ನನ್ನ ಮುಖ ನೋಡಲಿಲ್ಲ. ಡಿಸ್ಕನ್ನು ನೋಡಿದರು. ಗೋಡೆಯ ಕಡೆ ತಿರುಗಿ, ಕಾಣದ ಹೆಂಗಸಿಗೆ ಹೇಳಿದರು: "ಯವ್ವಾ, ಇವ್ರಿಗೆ ಹೇಳ್ರಿ. ಇವತ್ತು ಮಂಗಳವಾರ. ಅಮ್ಮನ ವಾರ. ನಾವು ಖಂಡ ಮುಟ್ಟಲ್ಲ. ಖಂಡ ಬೆಂದ ಮನಿಯಾಗೆ ಉಣ್ಣೋದೂ ಇಲ್ಲ."

ನಮ್ಮ ಮನೆಯಲ್ಲಿ ಬಿಡುವುದು ಸೋಮವಾರ. ನಾವಿಬ್ಬರೂ ಖಂಡ ತರುತ್ತಿದ್ದದ್ದು ಭಾನುವಾರ ಮಾತ್ರ, ಹಾಗಾಗಿ ಮಂಗಳವಾರದ ಮಾತೇ ಬಂದಿರಲಿಲ್ಲ. ಫೋನು ಮಾಡಿದವನಿಗೂ ಅವಸರದಲ್ಲಿ ವಾರದ ನೆನಪಾಗಿರಲಿಲ್ಲ. ಬಾರದೆ ಬಾರದೆ ಬಂದ ಮನುಷ್ಯನ ಮುಂದೆ, ಅವರ ದೇವಿಯ ವಾರವೇ ಓಣಿಗೆಲ್ಲ ಘಮ ಹಬ್ಬಿಸಿ ಕೂತಿದ್ದೆ.

ಗೋಡೆಯ ಮೇಲೆ ಖಾಲಾನ ತಲೆ ಎದ್ದಿತು. "ಅಣ್ಣಾರ, ಮಾಸ್ತರದೇನೂ ತಪ್ಪಿಲ್ಲ. ಡಿಸ್ಕ್ ನಂದು, ಖಾರ ನಂದು, ಹಚ್ಚಿಸಿದಾಕಿ ನಾನು. ಬೈಯೋದಿದ್ರ ನನ್ನ ಬೈರಿ. ಆದ್ರ ಬಿಸಲಾಗ ಬಂದೀರಿ, ನೀರು ಕುಡೀದ ಹೋಗಬ್ಯಾಡ್ರಿ."

ಮಾವ ಬೈಯಲಿಲ್ಲ. ಹೋಗಲೂ ಇಲ್ಲ. ಕರಿಬೇವು ಚಟಪಟ ಅನ್ನುತ್ತಿತ್ತು. ಅವರ ಮೂಗಿನ ಹೊಳ್ಳೆ ಒಮ್ಮೆ ಅರಳಿತು. ಟವೆಲ್ಲಿನ ಅಂಚು ತಿರುವುತ್ತ ಮತ್ತೆ ಗೋಡೆಗೇ ಕೇಳಿದರು: "ನಾಳೆ ಯಾವ ವಾರ ಯವ್ವಾ?"

"ಬುಧವಾರ್ರಿ!"

"ಬುಧವಾರ ನಮಗೇನೂ ಇಲ್ಲ. ನಾಳೆ ಮಾಡ್ತಾರೇನು ಕೇಳ್ರಿ."

"ಮಾಡ್ತಾರ್ರಿ! ಮಾಡದ ಏನ್ ಮಾಡ್ತಾರ? ಮಾಸ್ತರ, ಹೊರಸು ಹಾಕ್ರಿ ಅಣ್ಣಾರಿಗೆ!"

ಹತ್ತು ನಿಮಿಷಕ್ಕೆಂದು ಬಂದವರು ಹೊರಸಿನ ಮೇಲೆ ಉರುಳಿದರು. ಆ ದಿನದ ಖಂಡವನ್ನು ಖಾಲಾ ಡಿಸ್ಕಿನ ಸಮೇತ ಆಚೆ ಎಳೆದುಕೊಂಡು ಓಣಿಗೆಲ್ಲ ಹಂಚಿದರು. ಗಿರಿಜಾ ಡ್ಯೂಟಿ ಮುಗಿಸಿ ಬಂದಾಗ ಅಪ್ಪ ಮಲಗಿದ್ದರು. ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಒಂದು ಚೊಂಬು ನೀರು ತಂದು ಅವರ ಹತ್ತಿರ ಕೂತಳು. ಅವರು ಎದ್ದು, ಅವಳ ಕೈಯಿಂದ ನೀರು ಇಸಿದುಕೊಂಡು ಗಟಗಟ ಕುಡಿದು, "ಯಾಕೆ ಇಷ್ಟು ಸೊರಗಿದೀಯ?" ಅಂದರು. ಗಿರಿಜಾ ಅತ್ತದ್ದನ್ನು ಖಾಲಾನ ಕಿವಿಯೂ ಕೇಳಿರಬೇಕು. ಆದರೆ ಆವತ್ತು ಮಾತ್ರ ಆಚೆಯಿಂದ ಒಂದು ಸೊಲ್ಲೂ ಬರಲಿಲ್ಲ.

ಮಾವ ಆ ದಿನ ನಾಲ್ಕು ಬಾಳೆಹಣ್ಣು ತಿಂದು ಕಳೆದರು. ಮರುದಿನ ಜೋಳದ ರೊಟ್ಟಿಯ ಜೊತೆ ಖಂಡ ಕುಂತು ತಿಂದರು ನೋಡಿ, ಬೆವರು ಒರೆಸಿಕೊಳ್ಳುತ್ತ, ಸೊರ್ ಸೊರ್ ಅನ್ನುತ್ತ, ತಟ್ಟೆ ಬಳಿದರು. ಹೆಚ್ಚಿಗೆ ತೊಳೆದಿಡುತ್ತಿದ್ದ ತಟ್ಟೆ ಅದೇ.

ಆಮೇಲೆ ಬರುವುದು ರೂಢಿಯಾಯಿತು. ಯಾವಾಗಲೂ ಬುಧವಾರ, ನನ್ನ ಶಾಲೆ ಬಿಟ್ಟ ಮೇಲೆ. ಆದರೆ ನನ್ನ ಜೊತೆ ನೇರ ಮಾತಿಲ್ಲ. "ಗಿರಿಜಾ, ಇವ್ರಿಗೆ ಹೇಳು, ಉಪ್ಪು ಸರಿ ಐತೆ." ಗಿರಿಜಾ ಇಲ್ಲದಿದ್ದರೆ, "ಯವ್ವಾ, ಇವ್ರಿಗೆ ಹೇಳ್ರಿ, ಇನ್ನೊಂದು ರೊಟ್ಟಿ." ಎರಡು ಮಾರು ದೂರದಲ್ಲಿ ನಾನು, ನಮ್ಮಿಬ್ಬರ ನಡುವೆ ಗೋಡೆಯಾಚೆಯ ಖಾಲಾ!

"ಖಾಲಾ, ಈ ಮನಷ್ಯಾ ನನ್ನ ಕೂಡ ಯಾವಾಗ ಮಾತಾಡ್ತಾರ?" ಎಂದು ಒಮ್ಮೆ ಬೇಸರದಿಂದಲೇ ಕೇಳಿದೆ.

"ನಾನು ಇರೋತನ ಅವರಿಗೇನು ಅಡಚಣಿ ಐತಿ? ಅದಕ್ಕ ಮಾತಾಡವೊಲ್ರು," ಎಂದು ಖಾಲಾ ಹೊಟ್ಟೆ ಹಿಡಿದು ನಕ್ಕರು. "ನಾ ಹೋದ ಮ್ಯಾಲ ನೋಡ್ರಿ ಬೇಕಾದ್ರ."

ಹೋದ ಚಳಿಗಾಲದಲ್ಲಿ ಖಾಲಾ ಹೋದರು. ಎರಡು ದಿನ ಜ್ವರ, ಅಷ್ಟೇ. ಕೊನೆಯ ಸಲ ನೋಡಲು ಹೋದಾಗ ಹೊರಸು ಒಳಗಿತ್ತು. "ಇಲ್ಲಿಗೆ ನಿಮ್ಮ ಹಂಚು ಕೇಳಿಸವಲ್ದು ಮಾಸ್ತರ," ಎಂದು ಗೊಣಗಿದರು. ಸುದ್ದಿ ತಿಳಿದು ಮಾವ ಮೊದಲ ಬಸ್ಸಿಗೇ ಬಂದರು. ಇಮ್ರಾನನ ಕೈ ಹಿಡಿದು ಕೂತಿದ್ದು ಹೋದರು. ಕೆಲವು ದಿನಗಳ ಮೇಲೆ ಇಮ್ರಾನ್ ಡಿಸ್ಕನ್ನು ತಂದು ನಮ್ಮ ಗೋಡೆಯ ಮೇಲಿಟ್ಟ. "ನಿಮಗ ಕೊಡಂತ ಅಮ್ಮಿ ಹೇಳಿದ್ಲ್ರಿ."

ಅದನ್ನು ಒಲೆಗೇರಿಸಲು ನನಗೆ ಮನಸ್ಸೇ ಬರಲಿಲ್ಲ. ಕೊನೆಗೊಂದು ಬುಧವಾರ ಮಾವ ಬಂದು ಹಿತ್ತಲಲ್ಲಿ ಕೂತರು. ಗಿರಿಜಾ ಡ್ಯೂಟಿಯಲ್ಲಿದ್ದಳು. ಎಣ್ಣೆ ಬಿಟ್ಟೆ, ಕೈ ತಪ್ಪಿ ಖಂಡವನ್ನೆಲ್ಲ ಒಟ್ಟಿಗೇ ಸುರಿದುಬಿಟ್ಟೆ. ಸೊಂಯ್ ಅಂದದ್ದು ಅಲ್ಲೇ ಸತ್ತು, ನೀರು ಬಿಟ್ಟು ಬುಳುಬುಳು ಶುರುವಾಯಿತು. ನಾನು ಸೌಟು ಹಿಡಿದು ನಿಂತೇ ಇದ್ದೆ. ಯಾವ ದನಿಗೆ ಕಾಯುತ್ತಿದ್ದೇನೆಂದು ನನಗೆ ಗೊತ್ತಿತ್ತು. ಗೋಡೆ ಸುಮ್ಮನಿತ್ತು.

ಮಾವ ಗೋಡೆಯ ಕಡೆ ತಿರುಗಿ ಬಾಯಿ ತೆರೆದರು, ಎಂದಿನಂತೆ "ಯವ್ವಾ" ಅನ್ನಲು. ಹಾಗೇ ಮುಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮುಖವನ್ನೇ ನೋಡುತ್ತ ಹೇಳಿದರು:

"ಮಾಸ್ತರ, ಹಂಚು ಅಳಾಕತ್ತೈತಿ. ಸಂತಿ ನೆರಿಸಬ್ಯಾಡ್ರಿ. ಅರ್ಧ ತಗೀರಿ."

ನಾನು ಅರ್ಧ ತೆಗೆದೆ.